ತೊಟ್ಟಿಯ ಹೆಪ್ಪು

ಭಾನುಮತಿಯ ಮನೆಯಲ್ಲಿ ಮೊದಲು ಕೈಕೊಟ್ಟದ್ದು ಮೊಸರು. ಅದು ಹುಳಿ ಬಂದಿರಲಿಲ್ಲ, ಹಳಸಿರಲಿಲ್ಲ. ಸಂಜೆ ಹೆಪ್ಪು ಹಾಕಿ ಮುಚ್ಚಿಟ್ಟ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇತ್ತು, ಅಷ್ಟೆ. ಆಕೆಯ ತಾಯಿ ಹನುಮಕ್ಕ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದಳು, ಸೌಟು ಇಳಿಬಿಟ್ಟು ನೋಡಿದಳು, ಕೊನೆಗೆ ನಾಲಿಗೆಗೆ ಹಚ್ಚಿಕೊಂಡು ಮುಖ ಕಿವುಚಿದಳು.

“ಇದೇನಮ್ಮ ಭಾನು, ಹಾಲು ಹಾಲಾಗೇ ಐತೆ. ನಾನು ಮದುವೆ ಆಗಿ ಬಂದಾಗಿಂದ ಒಂದು ದಿನ ನನ್ನ ಕೈ ಹೆಪ್ಪು ತಪ್ಪಿದ್ದಿಲ್ಲ.”

“ಚಳಿಗೆ ಹಂಗಾಗಿರ್ತದೆ ಬಿಡಮ್ಮ.”

“ಏನು ಚಳಿ? ಫ್ಯಾನ್ ಹಾಕ್ಕೊಂಡು ಮಲಗೋಳು ನೀನು, ನನಗೆ ಚಳಿ ಅಂತ ಹೇಳ್ತೀಯ.”

ಹನುಮಕ್ಕ ಮೊದಲು ಹಾಲಿನವನನ್ನು ಬೈದಳು. ಆಮೇಲೆ ಪಾತ್ರೆ ತೊಳೆಯುವ ಸೋಪನ್ನು ಬೈದಳು. ಬೈಯಲು ಇನ್ಯಾರೂ ಸಿಗದೆ ಒಂದು ಪುಟ್ಟ ಲೋಟ ಹಿಡಿದು ಪಕ್ಕದ ಮನೆಯ ಪಿಳ್ಳಮ್ಮನ ಹತ್ತಿರ ಹೆಪ್ಪು ಕೇಳಲು ಹೊರಟಳು. ಆ ಬೀದಿಯಲ್ಲಿ ಸಕ್ಕರೆ ಕೇಳಿದರೆ ಮುಖ ನೋಡಿ ಕೊಡುತ್ತಾರೆ, ಕಾಫಿಪುಡಿ ಕೇಳಿದರೆ ಇದೀಗ ಮುಗಿಯಿತು ಎನ್ನುವುದೂ ಉಂಟು. ಹೆಪ್ಪು ಕೇಳಿದರೆ ಮಾತ್ರ ಯಾರೂ ಇಲ್ಲವೆನ್ನುವುದಿಲ್ಲ. ಜಗಳವಾಡಿ ಮಾತು ಬಿಟ್ಟವರೂ ಹಿತ್ತಿಲ ಗೋಡೆಯ ಮೇಲಿಂದ ಕೈ ಚಾಚಿ ಕೊಡುತ್ತಾರೆ. ಅಂಥ ಬೀದಿಯಲ್ಲಿ ಆವತ್ತು ಪಿಳ್ಳಮ್ಮ ಖಾಲಿ ಲೋಟ ವಾಪಸು ಕೊಟ್ಟಳು. ಅವಳ ಪಾತ್ರೆಯಲ್ಲೂ ಹಾಲೇ ಇತ್ತು.

ಭಾನುಮತಿಗೆ ಮೊಸರಿನ ಬಗ್ಗೆ ತಲೆಕೆಡಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಒಳಕೋಣೆಯಲ್ಲಿ ತಂಗಿ ವಾರಿಜಾ ಹಸಿ ಬಾಣಂತಿ. ಎರಡು ಸಲ ಬಸಿರು ನಿಲ್ಲದೆ ಹೋಗಿ, ದೇವರು ದಿಂಡರು ಡಾಕ್ಟರು ಎಲ್ಲ ಮುಗಿದು, ಇನ್ನು ಆಸೆಯೇ ಬೇಡ ಎಂದುಕೊಂಡ ಮೇಲೆ ಹುಟ್ಟಿದ ಹೆಣ್ಣುಮಗು. ಇನ್ನೂ ಹೆಸರಿಟ್ಟಿರಲಿಲ್ಲ, ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಮಗು ಹುಟ್ಟಿದ ದಿನ ಭಾನುಮತಿ ಕೆಲಸದಿಂದ ನೇರ ಆಸ್ಪತ್ರೆಗೆ ಓಡಿ ಬಂದಿದ್ದಳು. ನರ್ಸು ಆ ಕಡೆ ತಿರುಗಿದ್ದೇ ತಡ, ಹನುಮಕ್ಕ ಸೆರಗಿನಲ್ಲಿ ಬಚ್ಚಿಟ್ಟು ತಂದಿದ್ದ ಜೇನಿನ ಸೀಸೆ ತೆಗೆದಳು. ಮೊದಲ ಜೇನು ಯಾರು ನೆಕ್ಕಿಸುತ್ತಾರೋ ಮಗುವಿಗೆ ಅವರ ಗುಣ ಬರುತ್ತದೆಂಬುದು ಅವರ ಮನೆಯ ನಂಬಿಕೆ.

“ಬ್ಯಾಡಮ್ಮ, ಈಗ ಅದೆಲ್ಲ ಕೊಡಬಾರ್ದು” ಎಂದಳು ಭಾನುಮತಿ. ಸೂಕ್ಷ್ಮಜೀವಿಗಳನ್ನೇ ಓದಿ ಡಾಕ್ಟರೇಟ್ ಪಡೆದವಳು ಮತ್ತೇನು ಹೇಳಿಯಾಳು.

“ಒಂದೇ ಒಂದು ಹನಿ ಅಕ್ಕ” ಎಂದು ವಾರಿಜಾ ಮಲಗಿದಲ್ಲಿಂದಲೇ ಅವಳ ಕೈ ಹಿಡಿದುಕೊಂಡಿದ್ದಳು. “ನಿನ್ನಂಗೇ ಜಾಣೆ ಆಗ್ಲಿ. ನನ್ನಂಗೆ ಆಗೋದು ಬ್ಯಾಡ.”

ಭಾನುಮತಿ ಸೋಪು ಹಚ್ಚಿ ತಿಕ್ಕಿ ತಿಕ್ಕಿ ಕೈ ತೊಳೆದು, ಬೆರಳ ತುದಿಯಲ್ಲಿ ಒಂದು ಹನಿ ಜೇನು ತೆಗೆದು ಮಗುವಿನ ತುಟಿಗೆ ಮುಟ್ಟಿಸಿದಳು. ಮಗು ಬೆರಳನ್ನು ಬಿಡಲೊಲ್ಲದು. ಮೂವರೂ ನಕ್ಕಿದ್ದರು.

ಆ ಬೆರಳು ಕೆಲಸ ಮಾಡುತ್ತಿದ್ದದ್ದು ಎಲ್ಲಿ ಎಂಬುದನ್ನು ಈಗ ಹೇಳಬೇಕು.

ಕಲ್ಲುದೇವಿಪುರದ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ, ಶ್ವೇತಗರಿ ಎಂಬ ಕೋಳಿ ಸಂಸ್ಕರಣಾ ಘಟಕ. ಹೆಸರು ಚಂದ, ಒಳಗೆ ಹೋದರೆ ರಕ್ತ ಮತ್ತು ಬಿಸಿನೀರಿನ ವಾಸನೆ. ಒಂದು ಬಾಗಿಲಲ್ಲಿ ಜೀವಂತ ಕೋಳಿ ಬರುತ್ತದೆ, ಇನ್ನೊಂದು ಬಾಗಿಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಹೋಗುತ್ತದೆ. ನಡುವೆ ಕೊಕ್ಕೆಗೆ ನೇತುಬೀಳುವುದು, ಪುಕ್ಕ ಕೀಳುವ ಯಂತ್ರ, ಕರುಳು ತೆಗೆಯುವ ಸಾಲು, ಕೊನೆಗೆ ಮಂಜುಗಡ್ಡೆಯ ನೀರು ತುಂಬಿದ ಉದ್ದನೆಯ ಉಕ್ಕಿನ ತೊಟ್ಟಿ. ಅದಕ್ಕೆ ಚಿಲ್ಲರ್ ಎನ್ನುತ್ತಾರೆ. ಎಲ್ಲ ಕಷ್ಟ ಇರುವುದು ಈ ತೊಟ್ಟಿಯಲ್ಲಿ. ಒಂದು ಕೋಳಿಯ ಕರುಳು ಹರಿದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ನೀರಿಗೆ ಬಿದ್ದರೆ ಜೊತೆಯಲ್ಲಿ ಮುಳುಗಿದ ಅಷ್ಟೂ ಕೋಳಿಗೆ ಅದರ ಪಾಲು ಹೋಗುತ್ತದೆ. ಹಿಂದೆಲ್ಲ ಕ್ಲೋರಿನ್ ಸಾಕಾಗುತ್ತಿತ್ತು. ಆಮೇಲೆ ಕ್ಲೋರಿನ್ನಿಗೂ ಬಗ್ಗದ, ಯಾವ ಆ್ಯಂಟಿಬಯಾಟಿಕ್ಕಿಗೂ ಜಗ್ಗದ ಒಂದು ಸಾಲ್ಮೊನೆಲ್ಲಾ ಹುಟ್ಟಿಕೊಂಡಿತು. ಬೀಗರ ಊಟಕ್ಕೆ ಹೋದವರು ಸ್ಮಶಾನಕ್ಕೆ ಹೋಗತೊಡಗಿದರು. ಘಟಕಗಳಿಗೆ ಬೀಗ ಬಿತ್ತು.

ಆಗ ಬಂದದ್ದು ‘ಕಾವಲು’. ಸೀಸೆಯಲ್ಲಿ ನೀರಿನಂತೆ ಕಾಣುವ ಆ ದ್ರವದಲ್ಲಿ ಇದ್ದದ್ದು ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್. ಇಂಥ ವೈರಸ್‌ಗಳು ಪ್ರಕೃತಿಯಲ್ಲಿ ಬೇಕಾದಷ್ಟಿವೆ, ಮನುಷ್ಯನ ಜೀವಕೋಶದ ತಂಟೆಗೆ ಬರುವುದಿಲ್ಲ. ಒಂದೊಂದರ ಕಾಲಿನಲ್ಲಿಯೂ ಒಂದು ಕೀಲಿ ಇರುತ್ತದೆನ್ನಿ. ಆ ಕೀಲಿ ಯಾವ ಬ್ಯಾಕ್ಟೀರಿಯಾದ ಬೀಗಕ್ಕೆ ಹೊಂದುತ್ತದೋ ಅದನ್ನು ಮಾತ್ರ ತೆರೆದು ಒಳಗೆ ಹೋಗಿ, ಅಲ್ಲೇ ನೂರಾರು ಮರಿ ಹಾಕಿ, ಮನೆಯನ್ನು ಒಡೆದು ಹೊರಬರುತ್ತದೆ. ತೊಂದರೆಯೆಂದರೆ ಸಾಲ್ಮೊನೆಲ್ಲಾ ತನ್ನ ಬೀಗ ಬದಲಾಯಿಸುತ್ತಲೇ ಇರುತ್ತದೆ. ಅದಕ್ಕಾಗಿ ವಿಜ್ಞಾನಿಗಳು ಕಾವಲಿಗೆ ತನ್ನ ಕೀಲಿಯನ್ನು ತಾನೇ ಉಜ್ಜಿಕೊಳ್ಳುವ ವಿದ್ಯೆ ಕಲಿಸಿದರು. ಕಲಿಸಿದವರಿಗೆ ಭಯವೂ ಇತ್ತು. ಪ್ರತಿ ಬೆಳಿಗ್ಗೆ ಹೊಸ ಸೀಸೆ ಒಡೆಯಬೇಕು, ಸಂಜೆ ತೊಟ್ಟಿಯ ನೀರನ್ನು ಕುದಿಸಿ ಚೆಲ್ಲಬೇಕು, ಇಂದು ಕಲಿತದ್ದನ್ನು ಅದು ನಾಳೆಗೆ ಒಯ್ಯಬಾರದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು.

ಘಟಕದ ಲ್ಯಾಬಿನ ಮುಖ್ಯಸ್ಥೆಯಾಗಿ ಭಾನುಮತಿ ಅದನ್ನು ಪಾಲಿಸಿಯೂ ಇದ್ದಳು. ಒಮ್ಮೆ ಹೆದ್ದಾರಿ ಬಂದ್ ಆಗಿ ಸೀಸೆ ತರುವ ಲಾರಿ ಬರಲಿಲ್ಲ. ಹೊರಗೆ ಕೋಳಿ ತುಂಬಿದ ಲಾರಿಗಳು ಸಾಲಾಗಿ ನಿಂತಿದ್ದವು, ಬಿಸಿಲಿಗೆ ಕೋಳಿಗಳು ಬಾಯಿ ಕಳೆಯುತ್ತಿದ್ದವು. ತೊಟ್ಟಿ ನೋಡಿಕೊಳ್ಳುವ ಫಯಾಜ್ ಹಿಂದಿನ ದಿನದ ನೀರನ್ನು ಕುದಿಸಲು ಹೊರಟಿದ್ದ. ಭಾನುಮತಿ ತಡೆದಳು.

“ಒಂದು ಕ್ಯಾನ್ ತೆಗೆದಿಡಿ ಫಯಾಜ್. ಹೊಸ ನೀರಿಗೆ ಅದನ್ನೇ ಹಾಕೋಣ.”

ಫಯಾಜನಿಗೆ ವಿವರಿಸಬೇಕಾಗಲೇ ಇಲ್ಲ. “ಹೆಪ್ಪು ಹಾಕ್ದಂಗಲ್ವಾ ಮೇಡಂ” ಎಂದು ನಕ್ಕ. “ನಮ್ಮ ಅಮ್ಮೀನೂ ದಿನಾ ಇದೇ ಮಾಡೋದು.”

ಆ ದಿನ ತೊಟ್ಟಿಯಲ್ಲಿ ಒಂದೇ ಒಂದು ಸಾಲ್ಮೊನೆಲ್ಲಾ ಉಳಿಯಲಿಲ್ಲ. ಹೊಸ ಸೀಸೆಯ ಕಾವಲಿಗೆ ಊರಿನ ಪರಿಚಯವಾಗಲು ಹೊತ್ತು ಹಿಡಿಯುತ್ತಿತ್ತು, ಹೆಪ್ಪಿನ ಕಾವಲು ನೀರಿಗೆ ಬಿದ್ದ ಕೂಡಲೇ ಕೆಲಸಕ್ಕೆ ಇಳಿಯುತ್ತಿತ್ತು. ಮರುದಿನ ಲಾರಿ ಬಂದರೂ ಭಾನುಮತಿ ಸೀಸೆ ಒಡೆಸಲಿಲ್ಲ. ಅದರ ಮರುದಿನವೂ ಒಡೆಸಲಿಲ್ಲ. ಅವಳ ಪದ್ಧತಿಗೆ ಹೆಸರಾಯಿತು. ಸಮ್ಮೇಳನಗಳಲ್ಲಿ ಅವಳು ಮಾತಾಡುವಾಗ ಸಭೆಯಲ್ಲಿದ್ದ ಒಬ್ಬರಾದರೂ ಪ್ರಶ್ನೆ ಕೇಳಿದವರಿಲ್ಲ. ಹೆಪ್ಪು ಎಂದರೆ ಯಾರಿಗೆ ಗೊತ್ತಿಲ್ಲ? ಎಲ್ಲರ ಅಮ್ಮಂದಿರೂ ಮಾಡುವುದೇ. ಸೀಸೆ ತಯಾರಿಸುವವರು ಮಾತ್ರ ಇದು ಅಪಾಯ, ನಿಲ್ಲಿಸಿ ಎಂದು ಬಾಯಿ ಬಡಿದುಕೊಂಡರು. ವ್ಯಾಪಾರ ಹೋಯಿತೆಂದು ಕೂಗುತ್ತಿದ್ದಾರೆ ಎಂದು ಅವಳು ವೇದಿಕೆಯ ಮೇಲೆ ಗೇಲಿ ಮಾಡಿದಳು, ತೊಟ್ಟಿಯ ನೀರನ್ನು ಸೋಸಿ ಒಂದು ಲೋಟ ಕುಡಿದೂ ತೋರಿಸಿದಳು. ಚಪ್ಪಾಳೆಯೋ ಚಪ್ಪಾಳೆ. ನಾಡಿನ ಘಟಕಗಳೆಲ್ಲ ಹೆಪ್ಪಿಗೆ ತಿರುಗಿದವು.

ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಆಮೇಲೆ ವರ್ಷಗಟ್ಟಲೆ ಸೊನ್ನೆ. ಆ ಯಂತ್ರಕ್ಕೆ ಸಾಲ್ಮೊನೆಲ್ಲಾ ಒಂದನ್ನೇ ಎಣಿಸಲು ಹೇಳಿಕೊಟ್ಟಿದ್ದರು. ಬೇರೆಯದನ್ನು ಅದು ಎಣಿಸಲೂ ಇಲ್ಲ, ಅದನ್ನು ಯಾರೂ ಕೇಳಲೂ ಇಲ್ಲ.

ಮೊಸರಿನ ನಂತರ ಇಡ್ಲಿ ಹೋಯಿತು. ಹಿಟ್ಟು ರುಬ್ಬಿಟ್ಟರೆ ಬೆಳಿಗ್ಗೆ ಉಬ್ಬುತ್ತಿರಲಿಲ್ಲ, ಇಡ್ಲಿ ಬೆಂದರೆ ಗೋಡೆಗೆ ಹೊಡೆಯುವಂತಿತ್ತು. ಹೋಟೆಲಿನವರು ಸೋಡಾ ಹಾಕಿ ಸುಧಾರಿಸಿದರು. ಹಾಲಿನ ಡೇರಿಯವರು ನಿಂಬೆಹುಳಿ ಹಿಂಡಿ ಗಟ್ಟಿ ಮಾಡಿದ ಏನನ್ನೋ ಮೊಸರೆಂದು ಮಾರಿದರು. ಜನ ಒಂದಷ್ಟು ದಿನ ಬೈದರು, ಒಂದಷ್ಟು ದಿನ ಮೊಬೈಲಿನಲ್ಲಿ ಜೋಕು ಕಳಿಸಿಕೊಂಡರು, ಆಮೇಲೆ ಒಗ್ಗಿಕೊಂಡರು. ಮಜ್ಜಿಗೆ ಇಲ್ಲದ ಊಟಕ್ಕೂ ಮನುಷ್ಯ ಒಗ್ಗುತ್ತಾನೆ.

ಮಗುವಿಗೆ ಒಗ್ಗಲಿಲ್ಲ. ಪುಟ್ಟಿಗೆ ಹಸಿರು ಭೇದಿ ಶುರುವಾಯಿತು. ಹಾಲು ಕುಡಿಯುತ್ತಾ ಕುಡಿಯುತ್ತಾ ಬಿಟ್ಟು ಅಳುವುದು, ಅಳಲು ಶಕ್ತಿ ಸಾಲದೆ ಸುಮ್ಮನಾಗುವುದು. ಹೊಟ್ಟೆ ತಮಟೆಯಂತೆ ಬಿಗಿದುಕೊಂಡಿತು. ಹನುಮಕ್ಕ ಓಮದ ಕಷಾಯ ಮಾಡಿ ಬಾಣಂತಿಗೆ ಕುಡಿಸಿದಳು, ದೃಷ್ಟಿ ತೆಗೆದಳು. ತೆಗೆದ ಮೆಣಸಿನಕಾಯಿ ಘಾಟು ಬರಲಿಲ್ಲವೆಂದು ಹೆದರಿ ಅವಳೇ ಆಟೋ ಕರೆಸಿದಳು.

ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಂದು ಮಂಚಕ್ಕೆ ಎರಡು ಮಕ್ಕಳಿದ್ದವು. ಎಲ್ಲವೂ ಎಳೆಗೂಸುಗಳು. ಡಾಕ್ಟರ್ ಫಿಲೋಮಿನಾ ಭಾನುಮತಿಯನ್ನು ಪಕ್ಕಕ್ಕೆ ಕರೆದರು.

“ನಿಮ್ಗೆ ಹೇಳಿದ್ರೆ ಅರ್ಥ ಆಗುತ್ತೆ. ತಾಯಿಹಾಲು ಅರಗಿಸೋಕೆ ಸಹಾಯ ಮಾಡೋ ಒಳ್ಳೆ ಬ್ಯಾಕ್ಟೀರಿಯಾ ಈ ಮಕ್ಕಳ ಕರುಳಲ್ಲಿ ಒಂದೂ ಇಲ್ಲ. ಜಾಗ ಖಾಲಿ ಬಿದ್ದಿದೆ ಅಂತ ಕೆಟ್ಟವು ಬಂದು ಕೂತಿವೆ. ಒಳ್ಳೇದನ್ನ ಹನಿ ರೂಪದಲ್ಲಿ ಹಾಕ್ತಾ ಇದೀವಿ, ಬೆಳಿಗ್ಗೆ ಹಾಕಿದ್ದು ಸಂಜೆಗಿಲ್ಲ. ಏನೋ ತಿಂದು ಹಾಕ್ತಾ ಇದೆ.”

“ದೊಡ್ಡೋರಿಗೆ?”

“ದೊಡ್ಡೋರ ಹೊಟ್ಟೇಲಿ ನೂರೆಂಟು ಜಾತಿ ಇರುತ್ತೆ, ಹೇಗೋ ತಡ್ಕೋತಾರೆ. ಈ ಕೂಸುಗಳದು ಈಗ ತಾನೆ ಶುರುವಾಗೋ ಸಂಸಾರ. ಬಾಗ್ಲಲ್ಲೇ ಕೊಂದ್ರೆ ಏನು ಉಳಿಯುತ್ತೆ?”

ತಿಂದು ಹಾಕುತ್ತಿದೆ ಎಂಬ ಮಾತು ಭಾನುಮತಿಯ ಕಿವಿಯಲ್ಲಿ ಕೂತುಬಿಟ್ಟಿತು. ಅಲ್ಲಿಂದ ಮನೆಗೆ ಹೋಗಿ, ಹೆಪ್ಪಾಗದ ಹಾಲನ್ನು ಒಂದು ಸೀಸೆಗೆ ಸುರಿದುಕೊಂಡು ಲ್ಯಾಬಿಗೆ ಬಂದಳು. ಕೋಳಿಗಳ ಆಹಾರದಲ್ಲಿ ಜೀರ್ಣಕ್ಕೆಂದು ಬೆರೆಸುವ ಒಳ್ಳೆಯ ಬ್ಯಾಕ್ಟೀರಿಯಾ ಅಲ್ಲಿತ್ತು. ಅದು ಮೊಸರಿನ ಬ್ಯಾಕ್ಟೀರಿಯಾದ ಹತ್ತಿರದ ನೆಂಟ. ಅದನ್ನು ಗಾಜಿನ ತಟ್ಟೆಗಳಲ್ಲಿ ತೆಳ್ಳಗೆ ಬೆಳೆಸಿ, ಒಂದರ ಮೇಲೆ ಮನೆಯ ಹಾಲಿನ ಹನಿ, ಇನ್ನೊಂದರ ಮೇಲೆ ತೊಟ್ಟಿಯ ನೀರಿನ ಹನಿ ಬಿಟ್ಟಳು. ಮೂರನೆಯದಕ್ಕೆ, ಏಕೆಂದು ತನಗೇ ಹೇಳಿಕೊಳ್ಳದೆ, ಸೋಪಿನಲ್ಲಿ ತೊಳೆದ ತನ್ನ ಬಲಗೈಯ ಬೆರಳನ್ನು ಒತ್ತಿದಳು.

ಮರುದಿನ ಮೂರು ತಟ್ಟೆಗಳಲ್ಲೂ ತೂತುಗಳಿದ್ದವು. ನಡುವೆ ತಿಳಿಯಾಗಿ, ಅಂಚಿನಲ್ಲಿ ಮಸುಕು ಉಂಗುರವಿರುವ ತೂತು. ಅದು ಕಾವಲಿನ ಗುರುತು, ಅವಳು ಅದನ್ನು ಕಣ್ಣು ಮುಚ್ಚಿಯೂ ಗುರುತಿಸಬಲ್ಲಳು. ಮೂರನೆಯ ತಟ್ಟೆಯಲ್ಲಿ ಒಂದೇ ತೂತಿತ್ತು. ಅದು ಬೆರಳ ತುದಿಯ ಆಕಾರದಲ್ಲಿತ್ತು.

ಅವಳು ತನ್ನ ಬೆರಳನ್ನು ಆ ತೂತಿನ ಮೇಲೆ ಹಿಡಿದು ನೋಡಿದಳು. ನಡೆದದ್ದೆಲ್ಲ ತಿಳಿಯಲು ಬಹಳ ಹೊತ್ತೇನೂ ಬೇಕಾಗಲಿಲ್ಲ. ತೊಟ್ಟಿಯಲ್ಲಿ ಸಾಲ್ಮೊನೆಲ್ಲಾ ಮುಗಿದುಹೋದ ಮೇಲೆ ಕಾವಲಿಗೆ ಹಸಿವು. ಕೋಳಿಗಳ ಕರುಳಿನಿಂದ ದಿನವೂ ಬೀಳುತ್ತಿದ್ದದ್ದು ಈ ಒಳ್ಳೆಯ ಬ್ಯಾಕ್ಟೀರಿಯಾ. ಹಸಿದದ್ದು ಆ ಬೀಗಕ್ಕೆ ಕೀಲಿ ಉಜ್ಜತೊಡಗಿತು. ಪ್ರತಿ ಬೆಳಿಗ್ಗೆ ಹೊಸ ಸೀಸೆ ಒಡೆದಿದ್ದರೆ ಅರ್ಧ ಉಜ್ಜಿದ ಕೀಲಿ ಸಂಜೆಯ ಕುದಿಯಲ್ಲಿ ಸತ್ತು, ಪಾಠ ಮೊದಲಿನಿಂದ ಶುರುವಾಗುತ್ತಿತ್ತು. ಅವಳು ಹೆಪ್ಪು ಹಾಕಿದಳು. ಇಂದು ಕಲಿತದ್ದನ್ನು ನಾಳೆಗೆ, ನಾಳೆ ಕಲಿತದ್ದನ್ನು ನಾಡಿದ್ದಿಗೆ ತನ್ನ ಕೈಯಾರೆ ದಾಟಿಸಿದಳು. ಮೊದಲು ಈ ಕೀಲಿ ಕೋಳಿಯ ಜೊತೆ ಅಡುಗೆಮನೆಗಳಿಗೆ ಹೋಯಿತು, ಆಮೇಲೆ ಕೈಯಿಂದ ಕೈಗೆ. ವಾರಿಜಾ ಬಸಿರಿನುದ್ದಕ್ಕೂ ಕೋಳಿ ಮುಟ್ಟಿರಲಿಲ್ಲ. ಮಗುವಿಗೆ ಅದು ಹೋದದ್ದು ಒಂದೇ ದಾರಿಯಿಂದ.

ಕಾವಲು ನಿರಪಾಯವೆಂದು ಅವಳೇ ಬರೆದ ನಿಯಮದಲ್ಲಿ, ತೊಟ್ಟಿ ಮುಟ್ಟಿದ ಕೈಗೆ ಸೋಪು ಸಾಕೆಂದಿತ್ತು.

ಭಾನುಮತಿ ಮೂರು ತಟ್ಟೆಗಳನ್ನೂ ಹಿಡಿದು ಘಟಕದ ಮುಖ್ಯಸ್ಥ ರಂಗರಾಜು ಅವರ ಮುಂದಿಟ್ಟಳು. ಅವರು ಕೆಟ್ಟ ಮನುಷ್ಯರೇನಲ್ಲ. ಕನ್ನಡಕ ತೆಗೆದು ಒರೆಸಿ, ತೂತುಗಳನ್ನು ಬಹಳ ಹೊತ್ತು ನೋಡಿದರು.

“ಮೇಡಂ, ಈಗ ತೊಟ್ಟಿ ಕುದಿಸಿ ಕಾವಲು ನಿಲ್ಲಿಸಿಬಿಡೋಣ. ಮೊಸರು ವಾಪಸ್ ಬರುತ್ತಾ?”

“ಇಲ್ಲ ಸಾರ್. ಅದು ಹೊರಗೆ ಹೋಗಿಬಿಟ್ಟಿದೆ.”

“ಸಾಲ್ಮೊನೆಲ್ಲಾ ವಾಪಸ್ ಬರುತ್ತಾ?”

“ಬರುತ್ತೆ.”

“ಮತ್ತೆ ನಾನು ಏನು ನಿಲ್ಲಿಸ್ಲಿ ಹೇಳಿ” ಎಂದರು ರಂಗರಾಜು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ನಿಜಕ್ಕೂ ಕೇಳುತ್ತಿದ್ದರು.

ಆದರೂ ಅವಳು ಎಲ್ಲರಿಗೂ ತಿಳಿಸಿದಳು. ಆರೋಗ್ಯ ಇಲಾಖೆಗೆ, ಡೇರಿಗಳಿಗೆ, ತಾನು ಪಾಠ ಹೇಳಿದ್ದ ಎಲ್ಲ ಘಟಕಗಳಿಗೆ ಫೋನು ಮಾಡಿ, ನನ್ನ ಪದ್ಧತಿಯಿಂದಲೇ ಆದದ್ದು ಎಂದಳು. ಎಲ್ಲ ಕಡೆ ತೊಟ್ಟಿ ಕುದಿಸಿದರು, ಮತ್ತೆ ಸೀಸೆ ಒಡೆಯತೊಡಗಿದರು. ಊರು ಮುಳುಗಿದ ಮೇಲೆ ಕೆರೆಯ ತೂಬು ಮುಚ್ಚಿದ ಹಾಗೆ. ಲೋಕಕ್ಕೆಲ್ಲ ಒಪ್ಪಿಕೊಂಡವಳು ವಾರ್ಡಿನ ಬಾಗಿಲಲ್ಲಿ ಮಾತ್ರ ಮೂಕಿಯಾಗುತ್ತಿದ್ದಳು.

“ಕೋಳಿಯಿಂದ ಬಂದಿದ್ದು ಅಂತಾವ್ರಲ್ಲ ಅಕ್ಕ” ಎಂದು ವಾರಿಜಾ ಕೇಳಿದಳು. “ನಾನು ಕೋಳಿ ವಾಸನೆ ಸೈತ ನೋಡಿಲ್ಲ. ನನ್ನ ಮಗೀಗೆ ಹೆಂಗೆ ಬಂತು?”

“ಈಗ ಎಲ್ಲಾ ಕಡೆ ಐತಮ್ಮ. ನೀರಲ್ಲಿ, ಗಾಳೀಲಿ” ಎಂದು ಭಾನುಮತಿ ಕಿಟಕಿಯ ಕಡೆ ನೋಡಿ ಹೇಳಿದಳು.

ಅವಳಿಗೆ ಒಂದೇ ಒಂದು ದಾರಿ ಉಳಿದಿತ್ತು. ತೂತಾದ ತಟ್ಟೆಗಳನ್ನು ಬೆಚ್ಚಗೆ ಹಾಗೇ ಇಟ್ಟರೆ, ತೂತಿನ ನಡುವೆ ಒಮ್ಮೊಮ್ಮೆ ಒಂದೆರಡು ಚುಕ್ಕೆ ಮೇಲೇಳುತ್ತವೆ. ಅವು ಬೀಗ ಬದಲಾಯಿಸಿ ಬದುಕಿದ ಬ್ಯಾಕ್ಟೀರಿಯಾಗಳು. ಅಂಥವನ್ನು ಹೆಕ್ಕಿ, ಕಾವಲಿನ ಜೊತೆಗೆ ಬೆಳೆಸಿ, ಬದುಕಿದ್ದನ್ನು ಮತ್ತೆ ಹೆಕ್ಕಿ, ಕೊನೆಗೆ ಕಾವಲು ಮುಟ್ಟಲಾರದ ಒಂದು ತಳಿಯನ್ನು ತೆಗೆದಳು. ಮೊಹರು ಮಾಡಿದ ಪುಟ್ಟ ಸೀಸೆಗಳಲ್ಲಿ ತುಂಬಿ ಆಸ್ಪತ್ರೆಗೆ ಒಯ್ದಳು. ಪ್ರತಿ ಮಗುವಿಗೂ ಪ್ರತಿ ಸಲ ಹೊಸ ಸೀಸೆ, ಉಳಿದದ್ದು ಕುದಿಯುವ ನೀರಿಗೆ. ಈ ಸಲ ಅವಳು ನಿಯಮ ತಪ್ಪಲಿಲ್ಲ. ಕೀಲಿ ಉಜ್ಜಿಕೊಳ್ಳುವ ಆ ವೈರಸ್ಸಿಗೆ ಈ ತಳಿಯ ಬೀಗ ತೋರಿಸುವುದು ಎಷ್ಟು ತಡವಾದರೆ ಅಷ್ಟು ಒಳ್ಳೆಯದು, ಅಷ್ಟರಲ್ಲಿ ಮಕ್ಕಳ ಕರುಳು ಗಟ್ಟಿಯಾಗುತ್ತದೆ ಎಂಬುದೇ ಅವಳ ಲೆಕ್ಕ.

ಮನೆಯಲ್ಲೂ ಒಂದು ಪಾತ್ರೆ ಹಾಲಿಗೆ ಹಾಕಿದಳು. ಕೆಲಸ ಮಾಡುತ್ತದೆಯೇ ಎಂದು ತನ್ನ ಕಣ್ಣಿಂದ ನೋಡಬೇಕಿತ್ತು.

ಬೆಳಿಗ್ಗೆ ಹನುಮಕ್ಕನ ಕೂಗಿಗೆ ಭಾನುಮತಿ ಅಡುಗೆಮನೆಗೆ ಓಡಿದಳು. ಪಾತ್ರೆ ಓರೆ ಮಾಡಿದರೂ ಅಲುಗದ, ಮೇಲೆ ಹಳದಿ ಕೆನೆ ಕಟ್ಟಿದ ಮೊಸರು. ಹನುಮಕ್ಕ ಅಳುತ್ತಿದ್ದಳು. ಅಂಗೈಗೆ ಬಡಿಸಿಕೊಂಡು ನೆಕ್ಕಿ, “ನಿಜವಾದ ಮೊಸರು ಕಣಮ್ಮ” ಎಂದು ಮತ್ತೆ ಅತ್ತಳು. ಭಾನುಮತಿಯೂ ಅವಳನ್ನು ತಬ್ಬಿಕೊಂಡು ಅತ್ತಳು.

“ಅಮ್ಮ, ಇದನ್ನ ಯಾರಿಗೂ ಕೊಡಬ್ಯಾಡ. ಬೀದೀಗೆ ಗೊತ್ತಾಗ್ಲೇಬಾರ್ದು. ಪುಟ್ಟಿ ಹುಷಾರಾಗೋವರ್ಗೂ.”

“ಆಯ್ತಮ್ಮ, ನನಗ್ಯಾಕೆ. ನಿನ್ನ ಮಾತು ಮೀರ್ತೀನಾ?”

ಆಸ್ಪತ್ರೆಯಲ್ಲಿ ಆ ವಾರ ಮಕ್ಕಳು ಹಾಲು ಕುಡಿಯತೊಡಗಿದವು. ಪುಟ್ಟಿಯ ಹೊಟ್ಟೆ ಮೆತ್ತಗಾಯಿತು. ಒಂದು ಮಧ್ಯಾಹ್ನ ಅದು ಭಾನುಮತಿಯ ಮುಖವನ್ನೇ ನೋಡಿ ಬಾಯಿ ಅಗಲಿಸಿತು. ಅದು ನಗುವೋ ಆಕಳಿಕೆಯೋ, ವಾರಿಜಾ ಅದು ನಗುವೇ ಎಂದು ಹಟ ಹಿಡಿದಳು. ಹೆಸರಿಡುವ ಶಾಸ್ತ್ರ ಯಾವಾಗ ಇಟ್ಟುಕೊಳ್ಳುವುದೆಂದು ಅಕ್ಕತಂಗಿ ಮಾತಾಡಿದರು.

ಆಮೇಲೊಂದು ದಿನ ಪಕ್ಕದ ಮಂಚದ ಮಗುವಿಗೆ ಮತ್ತೆ ಹಸಿರು ಭೇದಿ ಶುರುವಾಯಿತು. ಅದರ ಮರುದಿನ ಪುಟ್ಟಿಗೆ.

ಭಾನುಮತಿ ವಾರ್ಡಿನ ಮೂಲೆ ಮೂಲೆ ಹುಡುಕಿದಳು. ಪಕ್ಕದ ಮಂಚದ ಕೆಳಗೆ ಒಂದು ಮೂರಂತಸ್ತಿನ ಕ್ಯಾರಿಯರ್ ಇತ್ತು. ಮೇಲಿನ ಡಬ್ಬಿಯಲ್ಲಿ ಮೊಸರನ್ನ. ತಾಯಂದಿರ ಮನೆಯವರು ತಂದ ಊಟ. “ಎಲ್ಲಿಂದ ಬಂತಮ್ಮ ಈ ಮೊಸರು?” ಎಂದು ಕೇಳಿದರೆ, ಊಟ ತಂದಿದ್ದ ಹೆಂಗಸು ಸಂಭ್ರಮದಿಂದ ಹೇಳಿದಳು: “ನಮ್ಮ ಬೀದೀಲಿ ಮೊನ್ನೆವರ್ಗೂ ಎಲ್ಲಾರ ಮನೇಲೂ ಆಗ್ತಿತ್ತಲ್ಲ ಮೇಡಂ. ಯಾರೋ ಪುಣ್ಯಾತ್ಗಿತ್ತಿ ಹೆಪ್ಪು ಹಂಚವ್ಳೆ. ಎಲ್ಡು ದಿನದಿಂದ ಮತ್ತೆ ಆಗ್ತಾ ಇಲ್ಲ, ಇದು ಕೊನೇದು.”

ಮನೆಗೆ ಬಂದಾಗ ಹನುಮಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ಕೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು.

“ಪಿಳ್ಳಮ್ಮ ಒಬ್ಳಿಗೇ ಕೊಟ್ಟಿದ್ದು ಕಣಮ್ಮ” ಎಂದಳು. “ಅವಳ ಸೊಸೆಗೆ ಇದು ಹೆರೋ ತಿಂಗ್ಳು. ಲೋಟ ಹಿಡ್ಕೊಂಡು ಬಂದು ಬಾಗ್ಲಲ್ಲಿ ನಿಂತ್ಕಂಡ್ಳು, ಒಂದು ಚಮಚ ಕೊಡು ಹನುಮಕ್ಕ, ಹುಟ್ಟೋ ಕೂಸು ಉಳೀಲಿ ಅಂದ್ಳು. ಹೆಪ್ಪು ಕೇಳ್ಕೊಂಡು ಬಂದೋಳಿಗೆ ಇಲ್ಲ ಅಂತ ಹೆಂಗಮ್ಮ ಅನ್ನೋದು? ನನ್ನ ಬಾಯಿಗೆ ಆ ಮಾತು ಬರ್ನಿಲ್ಲ.”

ಪಿಳ್ಳಮ್ಮನ ಬಾಯಿಗೂ ಬಂದಿರಲಿಲ್ಲ. ಅವಳನ್ನು ಕೇಳಿದವರ ಬಾಯಿಗೂ ಇಲ್ಲ. ಒಂದು ಚಮಚ ಹೆಪ್ಪು ಊರಿನ ಅಡುಗೆಮನೆಗಳನ್ನೆಲ್ಲ ಸುತ್ತಿತ್ತು. ಪ್ರತಿ ಪಾತ್ರೆಯಲ್ಲೂ ಕಾಯುತ್ತ ಕೂತಿದ್ದ ಹಸಿದ ವೈರಸ್ಸಿಗೆ ಹೊಸ ಬೀಗ ಸಿಕ್ಕಿತು, ಪ್ರತಿ ರಾತ್ರಿ ಅದು ಒಂದಿಷ್ಟು ಉಜ್ಜಿಕೊಂಡಿತು, ಪ್ರತಿ ಸಂಜೆ ಯಾರೋ ಒಬ್ಬ ತಾಯಿ ಅದನ್ನು ಹೊಸ ಹಾಲಿಗೆ ದಾಟಿಸಿದಳು. ತೊಟ್ಟಿಯಲ್ಲಿ ವರ್ಷಗಳು ಹಿಡಿದದ್ದು ಸಾವಿರ ಪಾತ್ರೆಗಳಲ್ಲಿ ವಾರಗಳಲ್ಲಿ ಮುಗಿದಿತ್ತು.

ಭಾನುಮತಿಗೆ ತಾಯಿಯನ್ನು ಬೈಯಲು ಬಾಯಿ ಬರಲಿಲ್ಲ. ಯಾವ ಮುಖ ಹೊತ್ತು ಬೈಯುವುದು? ಅದೇ ಬುದ್ಧಿಯನ್ನು ತಾನು ವೇದಿಕೆ ಹತ್ತಿ ನಾಡಿಗೆಲ್ಲ ಕಲಿಸಿದ್ದಳು. ಪಕ್ಕದಲ್ಲಿ ಕೂತು ತಾಯಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಮತ್ತೊಂದು ತಳಿ ಹುಡುಕಲು ಅವಳು ಲ್ಯಾಬಿಗೆ ಓಡಿದಳು. ಫಯಾಜ್ ತೊಟ್ಟಿಯ ಕೆಲಸ ಬಿಟ್ಟು ಬಂದು ತಟ್ಟೆಗಳನ್ನು ತೊಳೆದುಕೊಟ್ಟ. ಅವನ ಅಕ್ಕನ ಮಗುವೂ ಅದೇ ವಾರ್ಡಿನಲ್ಲಿತ್ತು. ತಟ್ಟೆಗಳಲ್ಲಿ ತೂತಾದವು, ತೂತುಗಳು ದೊಡ್ಡದಾದವು, ಒಂದನ್ನೊಂದು ಕೂಡಿಕೊಂಡವು. ನಡುವೆ ಚುಕ್ಕೆ ಏಳುವುದೆಂದು ಇಬ್ಬರೂ ಕಾದರು. ಈ ಸಲ ಒಂದೂ ಏಳಲಿಲ್ಲ. ಬದಲಾಯಿಸಲು ಆ ಬಡ ಬ್ಯಾಕ್ಟೀರಿಯಾದ ಬಳಿ ಇನ್ನೊಂದು ಬೀಗವಿರಲಿಲ್ಲ.

“ಇನ್ನೊಂದ್ ಸಲ ಹಾಕಿ ನೋಡೋಣ ಮೇಡಂ” ಎಂದ ಫಯಾಜ್. ಹಾಕುತ್ತಿರುವಾಗಲೇ ಆಸ್ಪತ್ರೆಯಿಂದ ಫೋನು ಬಂತು.

ಮಗುವನ್ನು ಊರಾಚೆಯ ತೋಪಿನಲ್ಲಿ ಮಣ್ಣು ಮಾಡಿದರು. ಎಳೆಗೂಸಿಗೆ ದೊಡ್ಡ ಶಾಸ್ತ್ರವೇನಿಲ್ಲ. ಆ ತೋಪಿನಲ್ಲಿ ಆವತ್ತು ಬೇರೆ ಮನೆಯವರೂ ಇದ್ದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಾರೆ ಹಿಡಿದವನು ಮುಂದೆಯೂ ಬೇಕಾಗುತ್ತದೆಂದೋ ಏನೋ, ಪಕ್ಕದಲ್ಲಿ ಇನ್ನೂ ಕೆಲವು ಗುಂಡಿಗಳನ್ನು ತೋಡಿಟ್ಟಿದ್ದ.

ಮನೆಗೆ ಬಂದು, ಸ್ನಾನ ಮುಗಿಸಿ, ವಾರಿಜಾ ಒಳಕೋಣೆಯ ಚಾಪೆಯ ಮೇಲೆ ಕೂತಳು. ಎದೆ ಹಾಲು ತುಂಬಿ ಕುಪ್ಪಸ ಒದ್ದೆಯಾಗಿತ್ತು. ಇವತ್ತು ಹೇಳಿಬಿಡಬೇಕು ಎಂದು ಭಾನುಮತಿ ತೋಪಿನಿಂದ ಬರುವ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಹೊಡೆಯಲಿ, ಶಾಪ ಹಾಕಲಿ, ಇನ್ನು ಮುಖ ತೋರಿಸಬೇಡ ಎನ್ನಲಿ. ಹೇಳದೆ ಈ ಮನೆಯಲ್ಲಿ ಒಂದು ತುತ್ತು ಅನ್ನ ನುಂಗುವುದು ಅವಳಿಂದಾಗದು. ತಂಗಿಯ ಪಕ್ಕದಲ್ಲಿ ಕೂತು, “ವಾರೀ, ಒಂದು ಮಾತು” ಎಂದಳು.

ವಾರಿಜಾ ಅವಳ ಬಲಗೈ ಎತ್ತಿಕೊಂಡಳು. ಬೆರಳುಗಳನ್ನು ಒಂದೊಂದಾಗಿ ಸವರಿ, ತೋರುಬೆರಳನ್ನು ಹಿಡಿದು ನಿಲ್ಲಿಸಿದಳು.

“ಇದೇ ಅಲ್ವಾ ಅಕ್ಕ ಆವತ್ತು ಜೇನು ನೆಕ್ಕಿಸಿದ್ದು? ಹೆಂಗೆ ಚೀಪ್ತು ನೋಡು, ಬಿಡ್ಲೇ ಇಲ್ಲ. ಆಮೇಲಿಂದೆಲ್ಲ ಬರೀ ಕಹಿ ಔಷಧಿ, ಸೂಜಿ, ಹೊಟ್ಟೆನೋವು.” ಅವಳು ಆ ಬೆರಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. “ಅದೊಂದು ಸಿಹಿಯಾದ್ರೂ ತಿಂದು ಹೋಯ್ತಲ್ಲ. ನಿನ್ನ ಕೈಯಿಂದ. ನನಗೆ ಅಷ್ಟೇ ಸಮಾಧಾನ ಅಕ್ಕ, ಬೇರೇನಿಲ್ಲ. ಏನೋ ಮಾತು ಅಂದ್ಯಲ್ಲ?”

ಭಾನುಮತಿ ಬೆರಳನ್ನು ಬಿಡಿಸಿಕೊಳ್ಳಲಿಲ್ಲ. ಹೇಳಿದರೆ ತನ್ನ ಎದೆ ಹಗುರಾಗುತ್ತದೆ. ತಂಗಿಗೆ ಉಳಿದಿರುವ ಆ ಒಂದು ಹನಿಯನ್ನೂ ಕಿತ್ತುಕೊಂಡಂತಾಗುತ್ತದೆ. ಇನ್ನು ಬದುಕಿರುವಷ್ಟು ದಿನವೂ ಈ ಬೆರಳನ್ನು ತಂಗಿ ಹೀಗೆಯೇ ಹಿಡಿದುಕೊಳ್ಳುತ್ತಾಳೆ, ತಾನು ಹಿಡಿಸಿಕೊಳ್ಳುತ್ತಲೇ ಇರಬೇಕು.

“ಏನಿಲ್ಲ” ಎಂದಳು. “ಏನಾದ್ರೂ ಊಟ ಮಾಡು ಅನ್ನೋಣ ಅಂತ.”

ಅಡುಗೆಮನೆಯಿಂದ ಹನುಮಕ್ಕನ ದನಿ ಬಂತು. ಅವಳಿಗೆ ದಿಕ್ಕು ತೋಚದೆ, ಕೈಗೆ ಕೆಲಸ ಬೇಕಾಗಿ, ದಿನದ ಅಭ್ಯಾಸದಂತೆ ಸಂಜೆಯ ಹಾಲು ಕಾಸಿ ಇಳಿಸಿಟ್ಟಿದ್ದಳು.

“ಭಾನು, ಹಾಲು ಹದಕ್ಕೆ ಬಂತೇನೋ, ಒಂದಿಷ್ಟು ಬೆರಳಿಟ್ಟು ನೋಡ್ಬಾರಮ್ಮ. ನನ್ನ ಕೈಗೆ ಏನೂ ತಿಳೀತಾ ಇಲ್ಲ.”

ಭಾನುಮತಿ ಎದ್ದು ಹೋದಳು. ಪಾತ್ರೆಯ ಮುಂದೆ ಒಂದು ಕ್ಷಣ ನಿಂತು, ಬೆರಳು ಅದ್ದಿದಳು. ಹಾಲು ಹೆಪ್ಪಿಗೆ ಸರಿಯಾದ ಹದದಲ್ಲಿತ್ತು. ಹಾಕಲು ಹೆಪ್ಪಿರಲಿಲ್ಲ.